ಚಕ್ಕಡಿಗೆ ಹೂಡಿದ ಹೋರಿ

ಬಾರಕೋಲು ಮಾವನ ಕಿವಿಯ ಮೇಲೆ ಬಿತ್ತು. ರಕ್ತ ಹಾರಿ ನನ್ನ ತುಟಿಗೆ ಬಡಿಯಿತು. ನಾನು ಮಾವನ ಫಟಫಟಿ ಮೋಟರ್ ಸೈಕಲ್ಲಿನ ಹಿಂಬದಿಗೆ ವೀಳ್ಯದೆಲೆಯ ಪೆಂಡಿಗಳ ನಡುವೆ ಕುಳಿತಿದ್ದೆ. ಹೊಡೆದವನು ಎದುರಿಗೆ ಬಂದ ಚಕ್ಕಡಿಯವನು. ನಮ್ಮ ಸಪ್ಪಳಕ್ಕೆ ಅವನ ಎತ್ತುಗಳು ಬೆದರಿ ಗಟಾರಕ್ಕೆ ಇಳಿದಿದ್ದವು.

"ನನ್ನ ಎತ್ತಿನ ಕಾಲ ಮುರದ್ರ ನೊಗಕ್ಕ ನಿನ್ನ ಹೂಡ್ತೇನಿ ಮಗನ," ಎಂದ.

"ಹೂಡಪಾ. ಹುಲ್ಲ ಮಾತ್ರ ನೀನ ತಿನ್ನು," ಎಂದ ಮಾವ. ಗಾಡಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಲೆ ಬಾಡುತ್ತದೆ.

ಮಾವ ಅಂದರೆ ಅಕ್ಕನ ಗಂಡ. ಲಡಾಯಿಯಲ್ಲಿ ಫಟಫಟಿ ಹೊಡೆಯುತ್ತಿದ್ದ. ಗುಂಡು ಹಾರುವಲ್ಲಿ ಚೀಟಿ ಮುಟ್ಟಿಸುವ ಕೆಲಸ. ಮೈಮೇಲೆ ಒಂದು ಗೀರೂ ಇಲ್ಲದೆ ತಿರುಗಿ ಬಂದ. ಲಷ್ಕರದವರು ಹರಾಜು ಹಾಕಿದ ಹಳೆಯ ಗಾಡಿಯೊಂದನ್ನು ತಂದ. ನಸುಕಿನಲ್ಲಿ ಸವಣೂರಿನ ತೋಟದಲ್ಲಿ ಎಲೆ ಹೇರಿಕೊಂಡು, ಬಂಕಾಪುರ ಹಾಯ್ದು, ಬಿಸಿಲೇರುವ ಮೊದಲು ಹಾನಗಲ್ ಸಂತೆಗೆ ಮುಟ್ಟಿಸುತ್ತಿದ್ದೆವು. ಚಕ್ಕಡಿಯವರ ಎಲೆ ಬರುವಷ್ಟರಲ್ಲಿ ನಮ್ಮದು ಮಾರಿ ಹೋಗಿರುತ್ತಿತ್ತು. ಅವರಿಗೆ ಹೊಟ್ಟೆಕಿಚ್ಚು.

ಬಯಲ ರಸ್ತೆಯಲ್ಲಿ ಇದಕ್ಕಿಂತ ಹೆಚ್ಚು ಏನೂ ಆಗುತ್ತಿರಲಿಲ್ಲ. ಪೇಟೆಯೇ ಕೆಟ್ಟದ್ದು. ಶಿಗ್ಗಾಂವಿಯಲ್ಲಿ ಟಾಂಗಾದ ಕುದುರೆ ನನ್ನ ಭುಜ ಕಚ್ಚಿ ಮಾಂಸ ಕಿತ್ತಿತ್ತು. ಹಿರೇಕೆರೂರಿನಲ್ಲಿ ಒಂದು ಕುರಿ ಗಾಲಿಗೆ ಸಿಕ್ಕು ಸತ್ತಾಗ ಕುರಿಯವರು ನಮ್ಮಿಬ್ಬರನ್ನೂ ಕೆಡವಿಕೊಂಡು ಬಡಿಗೆಯಿಂದ ಬಡಿದಿದ್ದರು. ಅದಾದ ಮೇಲೆ ಅಕ್ಕನಿಗೆ ನಿದ್ದೆ ಇರಲಿಲ್ಲ. ಅವಳು ಬಸುರಿ. ಈ ಬಾರಕೋಲು ಬಿದ್ದ ದಿನ ಹೊರಡುವಾಗ ನನ್ನನ್ನು ಹಿತ್ತಲಿಗೆ ಕರೆದಳು.

"ಲಡಾಯಿಂದ ತಿರುಗಿ ಬಂದಾರ. ಪ್ಯಾಟಿಂದ ಬರಲಿಲ್ಲಂದ್ರ ನಿನ್ನ ಮಾರಿ ನನಗ ತೋರಸಬ್ಯಾಡ," ಎಂದಳು.

ಹಾನಗಲ್ಲಿನ ಪೇಟೆ ಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ದೀಪಾವಳಿ ಮುಂಚಿನ ಸಂತೆ. ನಮ್ಮ ಕಡೆ ಆ ಹಬ್ಬಕ್ಕೆ ಹೋರಿ ಬೆದರಿಸುತ್ತಾರೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಹಲಗೆ ಬಡಿದು, ಪಟಾಕಿ ಹಾರಿಸಿ ಬಿಡುತ್ತಾರೆ. ಅದು ಜನರ ನಡುವೆ ನುಗ್ಗುತ್ತದೆ. ಗಂಡಸಾದವನು ಎದುರು ನಿಂತು, ಕೊರಳಿಗೆ ಜೋತುಬಿದ್ದು ಕೊಬ್ಬರಿ ಹರಿಯಬೇಕು. ಢಮ್ ಅಂದರೆ ಓಡುವುದನ್ನು ಹೋರಿಗೆ ಮೊದಲೇ ಕಲಿಸಿರುತ್ತಾರೆ. ಅಂಥದನ್ನು ಯಾರೂ ನೊಗಕ್ಕೆ ಹೂಡುವುದಿಲ್ಲ. ಅಂದು ಒಬ್ಬ ಹೂಡಿದ್ದ. ಅವನ ಎತ್ತು ಕುಂಟುತ್ತಿತ್ತಂತೆ, ಹತ್ತಿ ತರುವುದಿತ್ತಂತೆ. ಇದೆಲ್ಲ ಆಮೇಲೆ ತಿಳಿದದ್ದು.

ಗದ್ದಲದಲ್ಲಿ ಮಾವ ಗಾಡಿ ನಿಧಾನ ಮಾಡಿದ. ನಿಧಾನ ಮಾಡಿದರೆ ಅದರ ಹೊಗೆ ಕೊಳವೆ ಪಟಾಕಿಯಂತೆ ಸಿಡಿಯುತ್ತಿತ್ತು. ಸಿಡಿಯಿತು.

ಬೀದಿಯ ಆ ತುದಿಯಲ್ಲಿ ಹತ್ತಿ ಚಕ್ಕಡಿಯ ಹೋರಿ ಕಿವಿ ನಿಗುರಿಸಿತು. ಜೊತೆಗಿದ್ದ ಎತ್ತನ್ನು ಎಳೆದುಕೊಂಡೇ ಓಡಿತು. ಮೆಣಸಿನಕಾಯಿ ಮಾರುವವಳ ಕೈ ಮೇಲೆ ಗಾಲಿ ಹಾಯಿತು. ಎಲುಬು ಮುರಿದದ್ದು ಕೇಳಿಸಿತು. ಒಬ್ಬ ಮುದುಕನನ್ನು ಕೊಂಬಿನಿಂದ ಎತ್ತಿ ಗೋಡೆಗೆ ಒಗೆಯಿತು. ಜನ ಅಂಗಡಿ ಕಟ್ಟೆ ಹತ್ತಿದರು. ನಾನೂ ಹಾರಿ ಹತ್ತಿದೆ, ಮಾವನ ರಟ್ಟೆ ಹಿಡಿದು ಎಳೆದೆ. ಅವನು ಕೊಡವಿಕೊಂಡ.

ಲಡಾಯಿಗೆ ಹೋಗುವ ಮುಂಚೆ ಹೋರಿ ಹಿಡಿಯುವುದರಲ್ಲಿ ಮಾವನೇ ಮುಂದು. ಫಟಫಟಿ ನೆಲಕ್ಕೆ ಕೆಡವಿ, ಬೀದಿಯ ನಡುವೆ ಕಾಲು ಅಗಲಿಸಿ ನಿಂತ. ಹಬ್ಬದಲ್ಲಿ ನಿಲ್ಲುವಂತೆಯೇ.

"ಸರೀರಿ ಮಾವ, ಹೋರಿ ಹಿಂದ ಚಕ್ಕಡಿ ಐತಿ," ಎಂದು ಕೂಗಿದೆ.

ಕೇಳಿಸಿತೋ ಇಲ್ಲವೋ. ಕೊಂಬು ತಪ್ಪಿಸಿ ಕೊರಳಿಗೆ ತೆಕ್ಕೆ ಬಿದ್ದ. ಒಳ್ಳೆಯ ಹಿಡಿತ, ಸುಳ್ಳು ಹೇಳಬಾರದು. ಹೋರಿಯ ತಲೆ ಬಾಗಿತು. ಹಬ್ಬದಲ್ಲಿ ಹಿಡಿದವನು ಸರ ಹರಿದುಕೊಂಡು ಪಕ್ಕಕ್ಕೆ ಬೀಳುತ್ತಾನೆ, ಹೋರಿ ಮುಂದೆ ಹೋಗುತ್ತದೆ. ಅದರ ಹಿಂದೆ ಏನೂ ಇರುವುದಿಲ್ಲ. ಮಾವನ ಕೈ ಆ ರೂಢಿಯಂತೆಯೇ ಬಿಟ್ಟಿತು. ಪಕ್ಕಕ್ಕೆ ಬಿದ್ದ. ಕಬ್ಬಿಣದ ಪಟ್ಟಿಯ ಗಾಲಿ ಹತ್ತಿಯ ಭಾರದ ಸಮೇತ ಅವನ ಹೊಟ್ಟೆ ಮೇಲೆ ಹಾಯಿತು. ಆಮೇಲೆ ಫಟಫಟಿ ಮೇಲೆ ಹತ್ತಿ ಚಕ್ಕಡಿ ಮಗುಚಿತು.

ಹೋರಿಯವನು ಓಡಿ ಬಂದ. ಅವನ ಬಾರಕೋಲು ಕಸಿದು ಬಾಯಿಗೇ ಬಡಿದೆ. ಹಲ್ಲು ಉದುರಿದವು. ಕೆಳಗೆ ಬಿದ್ದ ಮೇಲೂ ಬಡಿದೆ. ಜನ ನನ್ನನ್ನು ಹಿಡಿದು ಬಡಿದರು. ತಪ್ಪೆಲ್ಲ ಫಟಫಟಿಯದು ಎಂದು ಅದರ ಮೇಲೆ ಕಲ್ಲು ಎತ್ತಿ ಹಾಕಿದರು. ಎಲೆ ತುಳಿದರು.

ಹುಬ್ಬಳ್ಳಿಯ ದವಾಖಾನೆಗೆ ಒಯ್ಯಲು ಒಂದು ಲಾರಿ ಸಿಕ್ಕಿತು. ಮಾವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಾಯಿಂದ ರಕ್ತ ಬರುತ್ತಲೇ ಇತ್ತು. ಒರೆಸುವುದನ್ನು ಬಿಟ್ಟೆ. ಬಂಕಾಪುರ ದಾಟಿದ ಮೇಲೆ ಕಣ್ಣು ತೆರೆದ.

"ಹಿಡದ್ನಿಲ್ಲೋ?"

"ಹಿಡದ್ರಿ, ಮಾವ."

"ಕೊಬ್ಬರಿ ಎಲ್ಲೈತಿ? ನಿಮ್ಮಕ್ಕಗ ಕೊಡು."

ಆ ಹೋರಿಯ ಕೊರಳಲ್ಲಿ ಕೊಬ್ಬರಿ ಇರಲೇ ಇಲ್ಲ. ಶಿಗ್ಗಾಂವಿ ಬರುವ ಮೊದಲೇ ಸತ್ತ. ಲಾರಿಯನ್ನು ಸವಣೂರಿಗೆ ಹೊರಳಿಸಲು ಹೇಳಿದೆ.

ಹೆಣ ಇಳಿಸಿದಾಗ ಅಕ್ಕ ಅಳಲಿಲ್ಲ. ನೇರ ಬಂದು ನನ್ನ ಕೆನ್ನೆಗೆ ಹೊಡೆದಳು. ಕೈ ಸೋಲುವವರೆಗೆ ಹೊಡೆದಳು. ಬಿಡಿಸಲು ಬಂದವರನ್ನು ನಾನೇ ತಡೆದೆ. ಮಾವ ಕೊಬ್ಬರಿ ಕೇಳಿದ್ದನ್ನು ಅವಳಿಗೆ ಹೇಳಲಿಲ್ಲ.