ಬೂದಿಯ ಮೇಲಿನ ಹೆಜ್ಜೆ

ಮೊನ್ನೆ ಸೊಸೆ ಪಾತ್ರೆ ತಿಕ್ಕಲು ಕುಳ್ಳಿನ ಬೂದಿ ಸೋಸುತ್ತಿದ್ದಳು. ಆ ಒಣ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಿತ್ತಲಾಚೆಯ ಮನೆಯ ಕಾಕಾ ನೆನಪಾದ... ಆವತ್ತು ನನಗೆ ಊಟ ಸೇರಲಿಲ್ಲ.

ನಿಜಾಮರ ಕಾಲ. ಮದುವೆಯಾಗಿ ಮಸ್ಕಿಯ ಗುಡ್ಡದ ಕೆಳಗಿನ ಹೊಲದ ಮನೆಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಕಾಕಾ ಕುರಿ ಕಾಯುತ್ತಿದ್ದ. ಹೆಜ್ಜೆ ನೋಡಿ ಬಂದ ಪ್ರಾಣಿ ಯಾವುದೆಂದು ಹೇಳುವುದರಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಲಿಂಗಸುಗೂರಿನಿಂದ ಶಿಕಾರಿಗೆ ಬರುವ ಸಾಹೇಬರೂ ಅವನ ಹಿಂದೆಯೇ ಗುಡ್ಡ ಹತ್ತುತ್ತಿದ್ದರು. ನನಗೂ ಕಲಿಸಿದ್ದ: "ನಾಯಿ, ತ್ವಾಳ ಉಗುರು ಊರಿ ನಡೀತಾವವ್ವಾ. ಚಿರತಿ ಉಗುರು ಮುಚ್ಚಿಕೊಂಡು ನಡೀತದ." ತವರು ಬಿಟ್ಟು ಬಂದವಳನ್ನು ಬಾಯ್ತುಂಬ ಮಾತಾಡಿಸುತ್ತಿದ್ದವನು ಅವನೊಬ್ಬನೇ.

ನಮ್ಮ ಅಂಗಳದಲ್ಲೇ ಇದ್ದ ಕುರಿಹಟ್ಟಿಯಿಂದ ಒಂದೊಂದಾಗಿ ಮೂರು ಮರಿ ಹೋದವು. ಮಾವನವರು ಕಾಕಾನ ನಾಯಿಯ ಮೇಲೆ ಹೊರಿಸಿದರು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ತನ್ನದು ಅಂತ ಉಳಿದದ್ದು ಆ ನಾಯಿ.

"ಒಂದಿನ ತಡೀರಿ. ಹಟ್ಟಿ ಬಾಗಿಲಿಗೆ ಬೂದಿ ಹಾಸ್ತೀನಿ. ಮುಂಜಾನೆ ಹೆಜ್ಜಿನೇ ಹೇಳ್ತಾವ," ಎಂದ ಕಾಕಾ.

"ಒಂದ ದಿನ, ಹೆಚ್ಚಿಗಿ ಇಲ್ಲ. ನಿನ್ನ ನಾಯಿ ಅಲ್ಲಂತ ತೋರಸು. ಇಲ್ಲಂದ್ರ ನೀನ ಅದನ್ನ ಮುಗಸು," ಎಂದರು ಮಾವ.

ಮುಂಜಾನೆ ಎಲ್ಲರಿಗಿಂತ ಮೊದಲು ಎದ್ದವಳು ನಾನು. ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ದುಂಡನೆಯ ಹೆಜ್ಜೆ, ಉಗುರಿನ ಗುರುತೇ ಇಲ್ಲ... ನಾಯಿಯಲ್ಲ! ಅಷ್ಟರಲ್ಲಿ ಒಳಗಿನಿಂದ ಅತ್ತೆ, "ಹೊತ್ತು ಹುಟ್ಟಾಕತ್ತದ, ಅಂಗಳ ಇನ್ನಾ ಹಂಗ ಅದ ಏನು?" ಎಂದು ಕೂಗಿದರು. ಹೊತ್ತು ಹುಟ್ಟಿದ ಮೇಲೆ ಅಂಗಳ ಗುಡಿಸುವ ಸೊಸೆ ಮನೆಗೆ ದರಿದ್ರ ಎನ್ನುವ ಕಾಲ. ಹೆದರಿಬಿಟ್ಟೆ. ಕಣ್ಣಾರೆ ಕಂಡೆನಲ್ಲ, ಹೇಳಿದರಾಯಿತು ಅಂದುಕೊಂಡು ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿಯನ್ನೂ ಎಳೆದೆ.

ಕಾಕಾ ಬಂದವನು ಹಸಿ ಅಂಗಳವನ್ನೇ ನೋಡುತ್ತ ನಿಂತ. ಮಾವನವರ ಜೊತೆ ನಾಲ್ಕು ಮಂದಿ ಹಿರಿಯರಿದ್ದರು. "ಏನರ ಕಂಡಿತ್ತೇನವ್ವಾ?" ಎಂದು ಕೇಳಿದ. ಕಂಡೂ ಅಳಿಸಿದೆನೆಂದರೆ ತವರಿಗೆ ಅಟ್ಟುತ್ತಾರೆ... ಸೆರಗು ಎಳೆದುಕೊಂಡು, ಇಲ್ಲವೆಂದು ತಲೆಯಾಡಿಸಿದೆ. ಆ ಮಧ್ಯಾಹ್ನ ಕಾಕಾ ನಾಯಿಯನ್ನು ಗುಡ್ಡದಾಚೆ ಕರೆದೊಯ್ದು ಒಬ್ಬನೇ ಮರಳಿದ.

ವಾರದೊಳಗೆ ಹಾಡಹಗಲೇ ಚಿರತೆಯೊಂದು ಹಟ್ಟಿಗೆ ನುಗ್ಗಿ ಮರಿ ಎತ್ತಿತು. ಎಲ್ಲರೂ ನೋಡಿದರು, ಕಾಕಾನ ಮನೆಗೆ ಹೋಗಿ ಒಂದು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಹೋದೆ. ಬಾಯಿ ತೆರೆಯುವ ಮೊದಲೇ ಅವನೆಂದ: "ನೀ ಬೂದಿ ಮುಂದ ಕುಂತಿದ್ದೆವ್ವಾ. ಕಸಬರಿಗಿ ಮುಟ್ಟದ, ನೀರು ಬೀಳದ ಕಡಿಗೆ ಬೂದಿ ಅಂಚಿನ್ಯಾಗ ನಿನ್ನ ಕಾಲ್ಬೆರಳು ಊರಿದ್ದವು. ನಾ ಆವತ್ತ ನೋಡೀನಿ."

"ಮತ್ತ ಯಾಕ ಹೇಳಲಿಲ್ಲ ಕಾಕಾ?"

"ಹೊಸ ಸೊಸಿ ಅದಿ. ಹೇಳಿದ್ರ ನಿನ್ನ ಬಾಳೇವು ಮಾಡಾಕ ಬಿಡ್ತಿದ್ರೇನು?"

ಅವನು ಹೋಗಿ ಎಷ್ಟೋ ವರ್ಷವಾಯಿತು. ನಾನು ಈ ಮನೆಯಲ್ಲೇ ಬಾಳಿದೆ, ಮಕ್ಕಳಾದರು, ಮೊಮ್ಮಕ್ಕಳಾದರು. ಕಾಕಾ ಸಾಯುವ ತನಕ ಮತ್ತೊಂದು ನಾಯಿ ಸಾಕಲಿಲ್ಲ.