ಸುಮ್ನ ಬಂದಾಕಿ

ಬಾಗಿಲ ಗಂಟೆ ಎರಡು ಸಲ ಬಾರಿಸಿ ನಿಂತಿತು. ಕಲಬುರಗಿಯ ಸೇಡಂ ರಸ್ತೆಯ ಈ ಮೂರನೇ ಮಹಡಿಯ ಮನೆಗೆ ನಾವು ಬಂದು ಆಗ ಒಂಬತ್ತು ದಿನ. ಗುವಾಹಟಿಯಿಂದ ಅರ್ಧ ದೇಶ ದಾಟಿ ಬಂದ ರಟ್ಟಿನ ಪೆಟ್ಟಿಗೆಗಳು ಇನ್ನೂ ಗೋಡೆಗೆ ಒರಗಿ ನಿಂತಿದ್ದವು. ಯಾವುದರಲ್ಲಿ ಏನಿದೆ ಎಂದು ಅವುಗಳ ಮೇಲೆ ದಪ್ಪಕ್ಷರದಲ್ಲಿ ಬರೆದವಳೂ ನಾನೇ, ಕಳ್ಳರಿಗೆ ಗೊತ್ತಾದೀತೆಂದು ಅಳಿಸಿದವಳೂ ನಾನೇ. ಹೀಗಾಗಿ ಈಗ ನನಗೂ ಗೊತ್ತಿರಲಿಲ್ಲ. ಬಾಗಿಲಿಗೆ ಮಾತ್ರ ಮೊದಲ ದಿನವೇ ಸರಪಳಿ ಹಾಕಿಸಿ, ಹೊರಗಿನವರನ್ನು ನೋಡುವ ಗಾಜು ಕೂಡಿಸಿದ್ದೆ. ಗಾಜಿಗೆ ಕಣ್ಣಿಟ್ಟರೆ ಎದುರುಮನೆಯಾಕೆ. ಕೈಯಲ್ಲಿ ಚೀಲವಿಲ್ಲ, ಕಾಗದವಿಲ್ಲ, ಚಂದಾ ಪುಸ್ತಕವಿಲ್ಲ. ಬರಿಗೈಲಿ ಬರುವವರೆಂದರೆ ನನಗೆ ಮೊದಲಿನಿಂದಲೂ ಅನುಮಾನ. ಸರಪಳಿ ತೆಗೆಯದೆಯೇ, ಯಾರು ಬೇಕಾಗಿತ್ತೆಂದು ಕೇಳಿದೆ. "ಯಾರೂ ಬ್ಯಾಡ್ರಿ, ಸುಮ್ನ ಬಂದೀನಿ," ಅಂದಳು. ಸ್ನಾನಕ್ಕೆ ಹೊರಟಿದ್ದೇನೆ ಎಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ. ಆ ಸುಳ್ಳು ಬಯಲಾಗಬಾರದೆಂದು ಅವತ್ತು ಎರಡನೇ ಸಲ ಸ್ನಾನವನ್ನೂ ಮಾಡಿದೆ. ತಲೆಯ ಮೇಲೆ ನೀರು ಸುರಿಯುತ್ತಿದ್ದಾಗ ಕಿವಿಯಲ್ಲಿ ಉಳಿದದ್ದು ಅದೊಂದೇ ಮಾತು, ಸುಮ್ನ. ನಲವತ್ತು ವರ್ಷಕ್ಕೂ ಹಿಂದೆ ಕಮಲಾಪುರದ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅದೇ ಮಾತನ್ನು ಹೇಳುತ್ತಿದ್ದ ಒಬ್ಬಳ ದನಿ ಅದರ ಹಿಂದೆಯೇ ಬಂತು.

ಆಗ ನನಗೆ ಎಂಟು ವರ್ಷ. ಅಪ್ಪ ಧನಬಾದಿನ ಕಡೆ ಒಂದು ಕಲ್ಲಿದ್ದಲು ಗಣಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಎದೆಯಲ್ಲಿ ಕೆಮ್ಮು ಮನೆಮಾಡಿತು, ಡಾಕ್ಟರು ಊರು ಬಿಡಿ ಅಂದರು. ಗುಲಬರ್ಗಾದಲ್ಲಿ, ಆಗಿನ್ನೂ ಅದೇ ಹೆಸರು, ಒಂದು ದಾಲ್ ಮಿಲ್ಲಿನ ಕೆಲಸ ಸಿಕ್ಕಿತು. ಇದ್ದಲಿನ ಪುಡಿ ಹೋಗಿ ತೊಗರಿ ಹೊಟ್ಟಿನ ಪುಡಿ ಬಂತು, ಅಷ್ಟೇ. ಶಹರದಲ್ಲಿ ಮನೆ ಸಿಗಲಿಲ್ಲವೆಂದು ಕಮಲಾಪುರದಲ್ಲಿ ಸಾಮಾನು ಇಳಿಸಿದೆವು. ಅಪ್ಪ ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಮನೆಗೆ ಫರಸಿ ಕಲ್ಲಿನ ನೆಲ. ಬೇಸಿಗೆಯಲ್ಲೂ ಅಂಗಾಲಿಗೆ ತಣ್ಣಗೆ ಹತ್ತುತ್ತಿತ್ತು. ಹಿತ್ತಲ ಗೋಡೆಯಾಚೆ ಕೆಂಪು ಬಾಳೆಯ ತೋಟ. ಮಧ್ಯಾಹ್ನ ಬಿಸಿಲೇರಿದಂತೆ ಹಸಿ ಮಣ್ಣು, ಒಣ ಎಲೆ, ಹಣ್ಣು ಎಲ್ಲ ಕಲೆತ ಸಿಹಿ ವಾಸನೆಯೊಂದು ಅಡುಗೆಮನೆಯವರೆಗೆ ಬರುತ್ತಿತ್ತು. ಅವ್ವ ಅದನ್ನೂ ನಂಬಲಿಲ್ಲ. ಬಾಳೆಹಣ್ಣು ಎಲ್ಲಾದರೂ ಕೆಂಪಗಿರುತ್ತದೆಯೇ, ಬಣ್ಣ ಹಚ್ಚಿರಬೇಕು ಎಂದು, ತಂದ ಮೊದಲ ಹಣ್ಣಿನ ಸಿಪ್ಪೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ನೋಡಿದಳು. ಆಕೆಯ ತಪ್ಪೇನೂ ಇಲ್ಲ. ಮನೆಮಾತು ಈ ಕಡೆಯದೇ ಆದರೂ ಅವ್ವ ಹುಟ್ಟಿ ಬೆಳೆದದ್ದೇ ಗಣಿಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಬಾಗಿಲು ಬಡಿದವರಿಗೆಲ್ಲ ಏನಾದರೊಂದು ಬೇಕಾಗಿರುತ್ತಿತ್ತು.

ಜಗದೇವಿ ಕಾಕಿ ಬರುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಓಣಿಯ ಇಳಿಜಾರಿನಲ್ಲಿ ನಮ್ಮಿಂದ ನಾಲ್ಕು ಮನೆ ಕೆಳಗೆ ಅವರ ಮನೆ. ದಪ್ಪನೆಯ ಹೆಂಗಸು, ಹಣೆ ತುಂಬ ವಿಭೂತಿ, ಇಳಕಲ್ ಸೀರೆಯ ಸೆರಗಿನಲ್ಲಿ ಎಲೆ ಅಡಿಕೆಯ ಗಂಟು. ಹೊರಗಿನ ಮೆಟ್ಟಿಲ ಮೇಲೆ ಕೂಡುವಳು. ಒಳಗೆ ಬಾ ಎಂದರೆ ಬಾರಳು, ಚಹಾ ಎಂದರೆ ಬೇಡ. ಏನನ್ನೂ ತರುತ್ತಿರಲಿಲ್ಲ, ಏನನ್ನೂ ಒಯ್ಯುತ್ತಿರಲಿಲ್ಲ. ಕೇಳಿದರೆ ಸುಮ್ನ ಬಂದೀನಿ. ಎಲೆ ಮಡಿಚಿಕೊಂಡು, ಓಣಿಯಲ್ಲಿ ಹೋಗಿಬರುವವರ ಬಗ್ಗೆ ಒಂದೆರಡು ಮಾತಾಡಿ, ಅವ್ವ ದೀಪ ಹಚ್ಚಿದ ಮೇಲೆ ಎದ್ದು ಹೋಗುವಳು. ಅವ್ವನಿಗೆ ನಿದ್ದೆ ಕೆಟ್ಟಿತು. ಮನೆ ಮಾಲೀಕರು ಕಳಿಸಿದ ಬೇಹಿನವಳೆಂದು ಒಂದು ವಾರ, ಹಿತ್ತಾಳೆ ಕೊಡದ ಮೇಲೆ ಕಣ್ಣೆಂದು ಇನ್ನೊಂದು ವಾರ. ಕೊಡ ಟ್ರಂಕು ಸೇರಿತು. ಆಕೆಯ ಕೈ ಎಲ್ಲಿ ಹೋಗುತ್ತದೆ, ಕಣ್ಣು ಎಲ್ಲಿ ಹೋಗುತ್ತದೆ ನೋಡುತ್ತಿರು ಎಂದು ನನ್ನನ್ನು ಹೊಸ್ತಿಲ ಮೇಲೆ ಕೂಡಿಸಿದಳು. ಜಂತಿಯನ್ನು ಎರಡು ಸಲ ನೋಡಿದಳು ಎಂದು ನಾನು ವರದಿ ಕೊಟ್ಟೆ. ಜಂತಿಯಲ್ಲಿ ಏನಿದೆಯೆಂದು ಅವ್ವ ಏಣಿ ಹಾಕಿ ಹತ್ತಿ ನೋಡಿದಳು. ಜೇಡರ ಬಲೆ ಇತ್ತು. ಇವತ್ತಿಗೂ ರಾತ್ರಿ ಮಲಗುವ ಮೊದಲು ಗ್ಯಾಸನ್ನು ಮೂರು ಸಲ ಮುಟ್ಟಿ ನೋಡುವ ನನ್ನ ವಿದ್ಯೆಗೆ ಶ್ರೀಕಾರ ಹಾಕಿದ್ದು ಆ ಹೊಸ್ತಿಲ ಮೇಲೆಯೇ.

ಕೊನೆಗೆ ಒಂದು ದಿನ ಅವ್ವ ತಡೆಯದೆ ಕೇಳಿಯೇಬಿಟ್ಟಳು. "ದಿನಾ ಬರ್ತೀರಿ. ನಿಮಗ ಏನ್ ಬೇಕಾಗ್ಯದ, ಒಮ್ಮೆ ಹೇಳಿಬಿಡ್ರಿ." ಕಾಕಿಯ ಬಾಯಿ ಎಲೆ ಜಗಿಯುವುದನ್ನು ನಿಲ್ಲಿಸಿತು. ಏನೂ ಬೇಡ ಎನ್ನುವಂತೆ ತಲೆಯಾಡಿಸಿ, ಮೊಣಕಾಲಿಗೆ ಕೈ ಊರಿ ಎದ್ದು, ಸೀರೆ ಝಾಡಿಸಿಕೊಂಡು ಇಳಿಜಾರಿನಲ್ಲಿ ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವ್ವ ಗೆದ್ದವಳಂತೆ ಕೊಡವನ್ನು ಟ್ರಂಕಿನಿಂದ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಆದರೆ ನಾಲ್ಕಾಯಿತೆಂದರೆ ಬಾಗಿಲು ತೆಗೆಯುವಳು. ಯಾಕೆಂದರೆ ಗಾಳಿಗೆ ಎನ್ನುವಳು. ಗಾಳಿ ಇರುತ್ತಿರಲಿಲ್ಲ. ಹೇಳಲಿಕ್ಕೆ ಬೇರೆ ಯಾರೂ ಇಲ್ಲದೆ ನನಗೇ ಹೇಳತೊಡಗಿದಳು: ಅಪ್ಪನ ಕೆಮ್ಮಿನಲ್ಲಿ ರಕ್ತ ಬಿದ್ದದ್ದು, ರಾತ್ರಿ ತನಗಾಗುವ ಹೆದರಿಕೆ. ಎಂಟು ವರ್ಷದವಳು ಅದನ್ನೆಲ್ಲ ಇಟ್ಟುಕೊಳ್ಳುವುದಾದರೂ ಎಲ್ಲಿ? ಇಪ್ಪತ್ತು ದಿನ ಹೀಗೇ ಹೋದ ಮೇಲೆ ಬಸ್ಸಿನಲ್ಲಿ ಮನೆ ಮಾಲೀಕರು ಸಿಕ್ಕು ಹೇಳಿದ್ದನ್ನು ಅಪ್ಪ ಊಟಕ್ಕೆ ಕೂತಾಗ ತಿಳಿಸಿದ. ನಾವು ಬಂದಿಳಿದ ದಿನ ಅವ್ವ ಟ್ರಂಕಿನ ಮೇಲೆ ಕೂತು ಅಳುತ್ತಿದ್ದದ್ದನ್ನು ಜಗದೇವಿ ಕಾಕಿ ನೋಡಿದ್ದಳಂತೆ. ಪರವೂರಿನ ಹೆಣ್ಣುಮಗಳು, ದೀಪ ಹಚ್ಚೋ ಹೊತ್ತಿಗೆ ಒಬ್ಬಾಕಿನೇ ಇರಬಾರದು, ನಾ ಹೋಗಿ ಕೂಡ್ತೀನಿ ಅಂದಿದ್ದಳಂತೆ. ಅವ್ವನ ಕೈಯಲ್ಲಿದ್ದ ಸೌಟು ಸಾರಿನೊಳಗೇ ಉಳಿಯಿತು.

ಮರುದಿನ ಅವ್ವ ಬೆಳಗಿನಿಂದ ಮನೆಯೊಳಗೇ ಅಡ್ಡಾಡಿದಳು. ಹೋಗಬೇಕು, ಆದರೆ ಏನೆಂದು ಹೋಗುವುದು? ಕಾರಣವಿಲ್ಲದೆ ಇನ್ನೊಬ್ಬರ ಮನೆಯ ಮೆಟ್ಟಿಲು ಹತ್ತುವುದು ಆಕೆಗೆ ಗೊತ್ತೇ ಇರಲಿಲ್ಲ. ಹೆಪ್ಪು ಕೇಳುವ ನೆವ ಹೊಳೆಯಿತು. ಆದರೆ ಮನೆಯಲ್ಲಿ ಗಡಿಗೆ ತುಂಬ ಮೊಸರಿತ್ತು. ಅವ್ವ ಅನುಮಾನದ ಹೆಂಗಸೇ ಹೊರತು ಸುಳ್ಳಿನ ಹೆಂಗಸಲ್ಲ. ಮೊಸರಿಟ್ಟುಕೊಂಡು ಹೆಪ್ಪಿಲ್ಲ ಅನ್ನಲು ನಾಲಿಗೆ ಹೊರಳದು. ಅದಕ್ಕೇ ಗಡಿಗೆಯನ್ನು ಎತ್ತಿ, ಮನೆದೇವರಿಗೆ ತಪ್ಪಾಯಿತೆಂದು ಗೊಣಗಿ, ಅಷ್ಟನ್ನೂ ಬಚ್ಚಲಿಗೆ ಸುರಿದು ಮೇಲೆ ಎರಡು ಚೊಂಬು ನೀರು ಬಿಟ್ಟಳು. ಸೀರೆ ಬದಲಿಸಿದಳು, ನನ್ನ ತಲೆ ಬಾಚಿದಳು, ಖಾಲಿ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನನ್ನು ಎಳೆದುಕೊಂಡು ಇಳಿಜಾರಿನಲ್ಲಿ ನಡೆದಳು.

ಕಾಕಿ ಬಾಗಿಲ ಮುಂದೆ ಕಸಬರಿಗೆ ಹಿಡಿದು ನಿಂತಿದ್ದಳು. ಓಣಿಯ ತೆರೆದ ಚರಂಡಿ ಅವರ ಮನೆ ಮುಂದೆಯೇ ಹರಿಯುತ್ತಿತ್ತು, ಅದು ಬೆಳ್ಳಗಿತ್ತು. ಒಂದು ಬೆಕ್ಕು ಬಗ್ಗಿ ನೆಕ್ಕುತ್ತಿತ್ತು. ಮನೆಯಲ್ಲಿ ಹೆಪ್ಪಿಲ್ಲ, ಒಂದೀಟು ಬೇಕಾಗಿತ್ತು ಎಂದು ಅವ್ವ ತಲೆ ತಗ್ಗಿಸಿ ಬಟ್ಟಲು ಚಾಚಿದಳು. ಕಾಕಿ ಬಟ್ಟಲನ್ನು ನೋಡಿದಳು, ಚರಂಡಿಯನ್ನು ನೋಡಿದಳು.

"ಅಕ್ಕೋರ, ನಿಮ್ಮ ಮೊಸರು ನಿಮಗಿಂತ ಮೊದಲ ಬಂತ್ರಿ."

ಅವ್ವನ ಕಿವಿಗಳು ಕೆಂಪಾದವು. ಅಳುತ್ತಾಳೆಂದುಕೊಂಡೆ. ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬಾಯಿಗೆ ಬಟ್ಟಲು ಅಡ್ಡ ಹಿಡಿದು ನಕ್ಕಳು. ಕಾಕಿ ಕಸಬರಿಗೆ ಬಿಸಾಕಿ ಆಕೆಯ ರಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂಡಿಸಿದಳು. ಹೊತ್ತು ಮುಳುಗುವವರೆಗೆ ಅವರು ಗುಸುಗುಸು ಮಾತಾಡಿದರು. ನನಗೆ ಹೇಳುತ್ತಿದ್ದದ್ದನ್ನೆಲ್ಲ ಅವ್ವ ಅವತ್ತು ಅಲ್ಲಿ ಹೇಳಿರಬೇಕು, ಆಮೇಲೆ ನನಗೆ ಹೇಳುವುದನ್ನು ಬಿಟ್ಟಳು. ಹೆಪ್ಪು ಮರೆತೇಹೋಯಿತು. ಅಪ್ಪ ಅವತ್ತು ಮೊಸರಿಲ್ಲದೆ ಉಂಡ.

ಹೋದ ವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಬಂದೆ. ನಮ್ಮ ಮನೆ ಇದ್ದಲ್ಲಿ ಶಟರಿನ ಅಂಗಡಿಗಳಿವೆ, ಚರಂಡಿಗೆ ಬಂಡೆ ಮುಚ್ಚಿದ್ದಾರೆ. ಅವ್ವ ಹೋಗಿ ಆರು ವರ್ಷ. ಜಗದೇವಿ ಕಾಕಿ ಯಾವಾಗ ಹೋದಳೆಂದು ಹೇಳುವವರೂ ಓಣಿಯಲ್ಲಿ ಸಿಗಲಿಲ್ಲ. ಅವತ್ತು ಮಾತಿನ ನಡುವೆ ಅವರಿಬ್ಬರೂ ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಮತ್ತೆ ಒಬ್ಬರ ಭುಜಕ್ಕೊಬ್ಬರು ಬಿದ್ದು ನಕ್ಕಿದ್ದರು. ನನ್ನ ಬಗ್ಗೆಯೇ ಏನೋ ಅಂದರೆಂದು ನನಗೆ ಅವತ್ತೇ ಅನುಮಾನ. ಈಗಲೂ ಇದೆ. ಏನಂದಿರಿ ಎಂದು ಕೇಳೋಣವೆಂದರೆ, ಹೇಳಬೇಕಾದವರು ಇಬ್ಬರೂ ಇಲ್ಲ.