ನೀರಿನ ಟ್ಯಾಂಕಿನ ಮೂವರಿಗೆ ಹೆಸರು

ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯವನು ಮಕ್ಕಳ ಕಥೆ ಬರೆಯುತ್ತಾನೆ ಎಂಬುದು ಅವನ ಹೆಂಡತಿಗೂ ಬಹಳ ದಿನ ಗೊತ್ತಿರಲಿಲ್ಲ. ಬಿಡುವಾದಾಗ ಅವನು ಮಾತ್ರೆ ಹಾಕಿಕೊಡುವ ಕಾಗದದ ಚೀಲಗಳ ಹಿಂಬದಿಯಲ್ಲಿ ಗೀಚುತ್ತಿದ್ದ. ಅಂಥದೊಂದು ಚೀಲ ಕೈತಪ್ಪಿ ಪಕ್ಕದ ಬೀದಿಯ ಅಜ್ಜಿಯ ಮನೆ ಸೇರಿತು. ಅಜ್ಜಿ ಅದನ್ನು ಹಿಡಿದುಕೊಂಡು ನೇರ ಅವನ ಮನೆಗೇ ಬಂದು, ಆರು ಕಾಲಿನವನು ಟ್ಯಾಂಕಿಗೆ ಬಿದ್ದ ಎಂದು ಬರೆದಿದೆ, ಆಮೇಲೇನಾಯಿತು ಎಂದು ಅವನ ಹೆಂಡತಿಯನ್ನು ಕೇಳಿದಳು. ಗುಟ್ಟು ರಟ್ಟಾದದ್ದು ಹಾಗೆ.

ಬಾಯಲ್ಲಿ ಬೆರಳಿಟ್ಟರೆ ಕಚ್ಚಲೂ ಬಾರದ ಮನುಷ್ಯ ಅವನು. ಯಾರನ್ನೂ ಏಕವಚನದಲ್ಲಿ ಕರೆದವನಲ್ಲ. ಅಂಗಡಿಗೆ ನುಗ್ಗಿದ ಬೀದಿಬೆಕ್ಕಿಗೂ "ಸ್ವಲ್ಪ ಆಚೆ ಹೋಗಿ" ಅನ್ನುತ್ತಿದ್ದ. ಹೆಂಡತಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಗಂಡ ಬೈಯದೆ ಉಳಿಸಿದ್ದನ್ನೆಲ್ಲ ಸೇರಿಸಿ ಇಬ್ಬರ ಪಾಲನ್ನೂ ಅವಳೇ ಬೈದು ಮುಗಿಸುತ್ತಿದ್ದಳು. ಅದೆಲ್ಲ ಅವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುತ್ತಿತ್ತು.

ಕಥೆ ಇಷ್ಟೇ. ಒಂದು ಮನೆಯ ತಾರಸಿಯ ಮೇಲಿನ ನೀರಿನ ಟ್ಯಾಂಕಿನೊಳಗೆ ಮೂರು ವಿಚಿತ್ರ ಜೀವಿಗಳಿವೆ. ಅವು ಪ್ರಾಣಿಗಳಲ್ಲ, ಮನುಷ್ಯರೂ ಅಲ್ಲ. ದೊಡ್ಡದಕ್ಕೆ ಆರು ಕಾಲು, ನಲ್ಲಿ ತಿರುಗಿಸಿ ನಿಲ್ಲಿಸುವುದನ್ನು ಮರೆಯುವುದೇ ಅದರ ಕಸುಬು. ಸಣಕಲು ಜೀವಿ ಯಾವ ಕೆಲಸ ಹೇಳಿದರೂ ಮೊದಲು ಕಾರಣ ಕೇಳುತ್ತದೆ. ಮೂರನೆಯದು ನೆಂಟರ ಸದ್ದು ಕೇಳಿದರೆ ಸಾಕು, ಮುದುರಿ ಉಂಡೆಯಾಗಿ ಮೂಲೆ ಸೇರುತ್ತದೆ. ಇವಕ್ಕೆ ಅವನು ಬಹಳ ಯೋಚಿಸಿ ಗ್ಲೂಟ್ರಾಸಿನ್, ಬೆಂಝುಪಾಲ್, ಟ್ರೈಲಂಡೋಲ್ ಎಂದು ಹೆಸರಿಟ್ಟು ಮಕ್ಕಳ ಪತ್ರಿಕೆಗೆ ಕಳಿಸಿದ.

ಸಂಪಾದಕಿಯ ಫೋನು ಬಂತು. ಕಥೆ ತುಂಬ ಹಿಡಿಸಿದೆ ಎಂದು ಹೊಗಳಿದ ಮೇಲೆ ಆಕೆ ಗಂಟಲು ಸರಿಪಡಿಸಿಕೊಂಡಳು. "ಬೇಜಾರು ಮಾಡ್ಕೋಬೇಡಿ. ಈ ಗ್ಲೂಟ್ರಾಸಿನ್ ಬಂದಾಗೆಲ್ಲ, ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ ಅಂತ ನನಗೆ ಯೋಚನೆ ಆಗತ್ತೆ."

ಅವನು ಫೋನಿಟ್ಟು ಹಿಂದಿನ ಕಪಾಟಿನತ್ತ ತಿರುಗಿ ನೋಡಿದ. ಸಾಲುಸಾಲಾಗಿ ಕೂತಿದ್ದ ಡಬ್ಬಿಗಳೆಲ್ಲ ಅವನ ಜೀವಿಗಳ ದಾಯಾದಿಗಳಂತೆ ಕಂಡವು.

ಅಂದಿನಿಂದ ಹೆಸರಿನ ಹುಡುಕಾಟ ಶುರುವಾಯಿತು. ಭಾರಿ ಹೆಸರಾದರೆ ಮಕ್ಕಳು ಬೆರಗಾಗುತ್ತಾರೆಂದು ನಿಘಂಟು ತಿರುವಿಹಾಕಿ ಜಲಧರೇಂದ್ರ, ತರಂಗವಿಹಾರ ಎಂದು ಹೆಂಡತಿಗೆ ಓದಿ ಹೇಳಿದ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದ ಅವಳು ಒಂದೊಂದಾಗಿ ತೆಗೆದಿಟ್ಟು, ಆ ಹೆಸರಿನ ಅಪಾರ್ಟ್‌ಮೆಂಟಿನಲ್ಲಿ ಮನೆ ಖಾಲಿ ಇದೆಯೇ ಎಂದು ವಿಚಾರಿಸಿದಳು. ಭಾವಮೈದನನ್ನು ಕೇಳಿದ. ಸಕಲ ಸಮಸ್ಯೆಗೂ ಉತ್ತರ ಜೇಬಿನಲ್ಲೇ ಇಟ್ಟುಕೊಂಡಿರುವ ಆಸಾಮಿ ಅವನು. ಇರುವ ಪದಗಳನ್ನೇ ತಲೆಕೆಳಗು ಮಾಡಿದರೆ ಹೊಸ ಹೆಸರು ತಾನಾಗಿ ಹುಟ್ಟುತ್ತದೆ ಎಂದ. ತೊಟ್ಟಿಯನ್ನು ಟ್ಟಿತೊ ಮಾಡಿ ಇಬ್ಬರೂ ಹೇಳಿ ನೋಡಿದರು. ಭಾವಮೈದ ನಾಲಿಗೆ ಕಚ್ಚಿಕೊಂಡು, ಅದಕ್ಕೆ ಹಚ್ಚುವ ಮುಲಾಮು ಅಂಗಡಿಯಿಂದಲೇ ಪುಕ್ಕಟೆ ಪಡೆದು ಹೋದ.

ಕೊನೆಗೆ ಅವನು ಕೈಚೆಲ್ಲಿದ. ಭಾನುವಾರ ಮಧ್ಯಾಹ್ನ ಹೆಂಡತಿ ಯಾರದೋ ಸೀರೆಗೆ ಅಂಚು ಹೊಲಿಯುತ್ತಿದ್ದಾಗ ಎದುರಿಗೆ ಕೂತು, ಹೆಸರಿದ್ದ ಕಡೆಯೆಲ್ಲ 'ದೊಡ್ಡದು', 'ಸಣಕಲು', 'ಮೂರನೆಯದು' ಎಂದು ಕಥೆಯನ್ನು ಪೂರ್ತಿ ಓದಿದ. ಮೊದಮೊದಲು ಅವಳ ಕಿವಿ ಮಾತ್ರ ಇತ್ತ ಇತ್ತು. ದೊಡ್ಡ ಜೀವಿ ಎರಡನೆಯ ಸಲ ನಲ್ಲಿ ತೆರೆದಿಟ್ಟು ಹೋದಾಗ ಸೂಜಿ ನಿಂತಿತು.

"ಈ ಸೋರಪ್ಪ ಮತ್ತೆ ನೀರು ಬಿಟ್ಟು ಹೋಯ್ತಾ?"

ಅವನು ಮುಂದೆ ಓದಿದ. ಸಣಕಲು ಜೀವಿ, ನಲ್ಲಿಯನ್ನು ತಾನೇಕೆ ನಿಲ್ಲಿಸಬೇಕು ಎಂದು ವಾದ ಹೂಡಿತು. ಅವಳಿಗೆ ತಡೆಯಲಾಗಲಿಲ್ಲ. ಈ ಯಾಕಯ್ಯನಿಗೆ ಎರಡು ಬಿಟ್ಟರೆ ಸರಿಹೋಗುತ್ತದೆ ಎಂದಳು. ಮೂರನೆಯದು ಉಂಡೆಯಾದಾಗ, ಮನೆಗೆ ಜನ ಬಂದರೆ ಈ ಮುದುರಣ್ಣನದು ಇದೇ ಗೋಳು ಎಂದು ದಾರವನ್ನು ಹಲ್ಲಿನಿಂದ ಕಡಿದಳು.

ಅವನ ಕಣ್ಣರಳಿತು. ನಾನು ತಿಂಗಳುಗಟ್ಟಲೆ ತಲೆ ಕೆರೆದುಕೊಂಡರೂ ಹೊಳೆಯದ ಹೆಸರು ನಿಮ್ಮ ಬಾಯಿಗೆ ಹೇಗೆ ಬಂತು ಎಂದು ಕೇಳಿದ.

"ನಾನೆಲ್ಲಿ ಹೆಸರಿಟ್ಟೆ? ಬೈದೆ, ಅಷ್ಟೆ," ಎಂದಳು ಅವಳು.

ಆ ಸಂಜೆಯೇ ತಿದ್ದಿ ಕಳಿಸಿದ. ಪತ್ರಿಕೆಯವರು ಚಿತ್ರ ಬರೆಸಿ ಎರಡು ಪುಟ ತುಂಬ ಅಚ್ಚು ಹಾಕಿದರು. ಅವನು ಪತ್ರಿಕೆಯನ್ನು ಗಲ್ಲಾದ ಪಕ್ಕ, ಎಲ್ಲರಿಗೂ ಕಾಣುವಂತೆ, ಆದರೆ ಬೇಕೆಂದೇ ಇಟ್ಟಂತೆ ಕಾಣದ ಹಾಗೆ ಇಟ್ಟ. ತಲೆನೋವಿನ ಮಾತ್ರೆಗೆ ಬಂದ ನಾದಿನಿ ಅದನ್ನು ನಿಂತಲ್ಲೇ ಓದಿದಳು. ಓದುತ್ತ ಓದುತ್ತ ನಗು ಉಕ್ಕಿ, ಮಾತ್ರೆಯ ಅಗತ್ಯವೇ ಇಲ್ಲವಾಯಿತು.

"ಭಾವ, ಅಕ್ಕ ಇಪ್ಪತ್ತು ವರ್ಷದಿಂದ ನಿಮ್ಮನ್ನ ಕರೀತಿರೋದೇ ಹೀಗಲ್ವಾ? ಮೂರೂ ನೀವೇ."

ಅವನು ಅಲ್ಲವೆಂದು ಹೇಳಲು ಬಾಯಿ ತೆರೆದ. ಬೆಳಿಗ್ಗೆ ಬಚ್ಚಲಿನ ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂಬ ಅನುಮಾನ ಅಷ್ಟರಲ್ಲಿ ಬಂದದ್ದರಿಂದ ಹಾಗೆಯೇ ಮುಚ್ಚಿದ.

ಮನೆಗೆ ಹೋಗಿ ಸ್ವಲ್ಪ ಮುನಿಸಿನಿಂದಲೇ ಹೆಂಡತಿಯನ್ನು ಕೇಳಿದ. ಅವಳು ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಿದ್ದಳು, ಭುಜ ಮಾತ್ರ ಕುಲುಕುತ್ತಿತ್ತು. ನಷ್ಟವಾದದ್ದು ತನಗೇ ಎಂದು ಅವಳು ವಾದಿಸಿದಳು. "ಇದ್ದ ಹೆಸರನ್ನೆಲ್ಲ ಪತ್ರಿಕೆಗೆ ಕೊಟ್ಟುಬಿಟ್ರಿ. ಇನ್ನು ನಿಮ್ಮನ್ನ ಏನಂತ ಬೈಯೋದು? ಸೋರಪ್ಪ ಅಂದ್ರೆ ಆ ಆರು ಕಾಲಿಂದೇ ಕಣ್ಮುಂದೆ ಬರತ್ತೆ, ಪಾಪ ಅನ್ಸತ್ತೆ."

ನಿಜಕ್ಕೂ ಎರಡು ವಾರ ಮನೆಯಲ್ಲಿ ಬೈಗುಳಕ್ಕೆ ಬರ ಬಂತು. ಆ ನಿಶ್ಶಬ್ದದಲ್ಲಿ ಅವನಿಗೆ ಊಟ ರುಚಿಸಲಿಲ್ಲ.

ಮಕ್ಕಳು ಇನ್ನೊಂದು ಕಥೆ ಕೇಳುತ್ತಿದ್ದಾರೆ ಎಂದು ಸಂಪಾದಕಿ ಮತ್ತೆ ಫೋನು ಮಾಡಿದಳು. ಈ ಸಲ ಟ್ಯಾಂಕಿಗೆ ನಾಲ್ಕನೆಯ ಜೀವಿ ಬಂತು. ಅದಕ್ಕೆ ಎಂಟು ಕೈ, ಎಂಟರಲ್ಲೂ ಕೆಲಸ. ಬಾಯಿ ಒಂದೇ ಆದರೂ ಎಂಟಕ್ಕೆ ಸಮ. ಅದು ಬಂದ ಮೇಲೆಯೇ ಟ್ಯಾಂಕಿನಲ್ಲಿ ನೀರು ನಿಂತದ್ದು. ಹೆಸರಿನ ಜಾಗವನ್ನು ಮಾತ್ರ ಅವನು ಖಾಲಿ ಬಿಟ್ಟಿದ್ದ. ಹೆಂಡತಿ ಓದಿ, ಇದರ ಹೆಸರೇನು ಎಂದು ಕೇಳಿದಳು. ಇನ್ನೂ ಹೊಳೆದಿಲ್ಲ ಎಂದ ಅವನ ಕಣ್ಣು ಅವಳ ಕೈಯ ಕತ್ತರಿಯ ಮೇಲಿತ್ತು.

ಹೇಡಿಯೋ ಜಾಣನೋ, ಹೆಸರನ್ನು ಓದುವ ಮಕ್ಕಳೇ ಇಡಲಿ ಎಂದು ಪತ್ರಿಕೆಗೆ ಬರೆದು ಅವನು ಕೈತೊಳೆದುಕೊಂಡ. ಮಕ್ಕಳ ಕಾರ್ಡುಗಳನ್ನು ಪತ್ರಿಕೆಯವರು ರಾಶಿರಾಶಿಯಾಗಿ ಅಂಗಡಿಗೆ ಕಳಿಸಿಕೊಟ್ಟರು. ಹೆಂಡತಿ ಒಂದು ಮಧ್ಯಾಹ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವನ್ನೆಲ್ಲ ಓದಿ, ವಕ್ರವಕ್ರ ಅಕ್ಷರದ ಒಂದನ್ನು ತೆಗೆದು ಅವನ ಮುಂದಿಟ್ಟಳು. 'ಗದರಮ್ಮ' ಎಂದಿತ್ತು.

"ಇದೇ ಇರಲಿ," ಎಂದಳು. "ನೀವಿಟ್ಟಿದ್ದಲ್ಲವಲ್ಲ."